ರಿಲೇ ಕಾರ್ಡ್ ಬದಲಾಯಿಸಿಕೊಂಡು ಬಂದಿದ್ದೀರಾ? ಡಿಸ್‌ಪ್ಲೇ ನೋಡಿ ನಂಬಬೇಡಿ

ಎಚ್‌ಟಿ (ಹೈ ಟೆನ್ಷನ್) ಪ್ಯಾನೆಲ್ ನೋಡಿಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪ್ರೊಟೆಕ್ಷನ್ ರಿಲೇಯನ್ನು, ಅಂದರೆ ಕರೆಂಟ್ ಮಿತಿ ಮೀರಿದಾಗ ಬ್ರೇಕರ್ ಬೀಳಿಸುವ ಸಾಧನವನ್ನು, ಹೊರಗಡೆ ರಿಪೇರಿಗೆ ಕೊಟ್ಟು ನಾವು ಅನುಭವಿಸಿದ್ದು ಇನ್ನೊಬ್ಬರಿಗೆ ಬೇಡ.

ನಮ್ಮದು ತುಮಕೂರು ಕಡೆ, 11 ಕೆವಿ ಲೈನಿನ ತುದಿಯಲ್ಲಿರುವ ಫ್ಯಾಕ್ಟರಿ. ವಿಸಿಬಿ (ವ್ಯಾಕ್ಯೂಮ್ ಬ್ರೇಕರ್) ಮೇಲೆ ಒಂದು ನ್ಯೂಮರಿಕಲ್ ಓವರ್‌ಕರೆಂಟ್ ರಿಲೇ. ಕರೆಂಟ್ ಇಳಿಸಿ ರಿಲೇಗೆ ಕೊಡುವ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) 200/1, ಅಂದರೆ ಲೈನಿನಲ್ಲಿ 200 ಆಂಪ್ಸ್ ಹರಿದರೆ ರಿಲೇಗೆ 1 ಆಂಪ್ಸ್. ರಿಲೇ ಹಳೆಯದು. ಒಂದು ದಿನ ಡಿಸ್‌ಪ್ಲೇ ಆರಿಹೋಯಿತು. ಪವರ್ ಸಪ್ಲೈ ಕಾರ್ಡ್ ಹೋಗಿತ್ತು. ಇದೇನು ಹೊಸದಲ್ಲ ಬಿಡಿ, ಪ್ಯಾನೆಲ್ ಒಳಗಿನ ಬಿಸಿಗೆ ವರ್ಷಗಟ್ಟಲೆ ಬೆಂದರೆ ಕೆಪಾಸಿಟರ್ ಒಣಗಿಯೇ ಒಣಗುತ್ತದೆ. ಹೊಸ ರಿಲೇ ತರಿಸಿ ಅಂದೆವು. ಪರ್ಚೇಸ್‌ನವರು ಕೇಳಬೇಕಲ್ಲ! ಬೆಂಗಳೂರಿನ ಒಂದು ರಿಪೇರಿ ಅಂಗಡಿಗೆ ಕಳಿಸಿದರು. ವಾಪಸ್ ಬರುವ ತನಕ ಜನರೇಟರ್ ಓಡಿಸಿದೆವು. ರಿಪೇರಿಯಲ್ಲಿ ಉಳಿಸಿದ ದುಡ್ಡು ಡೀಸೆಲ್‌ಗೇ ಹೋಯಿತು, ಆ ಲೆಕ್ಕ ಮಾತ್ರ ಯಾರೂ ಕೇಳಲಿಲ್ಲ.

ಅಂಗಡಿಯ ಹುಡುಗನೇ ಬಂದು ರಿಲೇ ಕೂರಿಸಿದ. ಆಗ ಲೋಡ್ 80 ಆಂಪ್ಸ್ ಇತ್ತು, ಡಿಸ್‌ಪ್ಲೇಯಲ್ಲೂ 80. "ನೋಡಿ ಸರ್, ಪಕ್ಕಾ ಇದೆ" ಅಂದ. ಶಿಫ್ಟ್‌ನವರ ಸೈನ್ ಹಾಕಿಸಿಕೊಂಡು ಹೋದ. ಇಂಜೆಕ್ಷನ್ ಟೆಸ್ಟ್, ಅಂದರೆ ಕಿಟ್‌ನಿಂದ ರಿಲೇಗೆ ಕರೆಂಟ್ ಕೊಟ್ಟು ನೋಡುವುದು, ಮಾಡಲೇ ಇಲ್ಲ. ಕಿಟ್ ತಂದಿರಲೇ ಇಲ್ಲ.

ಮಳೆಗಾಲದಲ್ಲಿ ಟ್ರಾನ್ಸ್‌ಫಾರ್ಮರ್ ಕೇಬಲ್ ಬಾಕ್ಸಿಗೆ ನೀರು ಇಳಿದು, ಆರ್ ಮತ್ತು ವೈ ಫೇಸ್ ನಡುವೆ ಫ್ಲ್ಯಾಶ್ ಆಯಿತು. ನಮ್ಮ ವಿಸಿಬಿ ಅಲ್ಲಾಡಲಿಲ್ಲ. ಸಬ್‌ಸ್ಟೇಷನ್‌ನಲ್ಲಿ ಫೀಡರ್ ಬಿತ್ತು, ಇಡೀ ಲೈನ್ ಕತ್ತಲೆ. ಲೈನ್ ಬಿದ್ದರೆ ಅಲ್ಲಿ ಒಂದು ಸಲ ಟ್ರೈ ಕೊಡುವುದು, ಅಂದರೆ ಮತ್ತೆ ಆನ್ ಮಾಡಿ ನೋಡುವುದು, ರೂಢಿ ತಾನೇ? ಕೊಟ್ಟರು. ನಮ್ಮ ಬ್ರೇಕರ್ ಇನ್ನೂ ಆನ್ ಆಗಿಯೇ ಇತ್ತು. ಎರಡನೇ ಏಟಿಗೆ ಕೇಬಲ್ ಬಾಕ್ಸಿನ ಮುಚ್ಚಳ ಕಿತ್ತು ಹಾರಿತು. ಪುಣ್ಯಕ್ಕೆ ಯಾರ್ಡ್‌ನಲ್ಲಿ ಯಾರೂ ಇರಲಿಲ್ಲ.

ಆಮೇಲೆ ರಿಲೇ ರೆಕಾರ್ಡ್ ತೆಗೆದು ನೋಡಿದೆವು. ಸುಮಾರು 1500 ಆಂಪ್ಸ್ ಫಾಲ್ಟ್. ಪಿಕಪ್ ಆಗಿದೆ (ಕರೆಂಟ್ ಮಿತಿ ದಾಟಿದ್ದನ್ನು ರಿಲೇ ಗುರುತಿಸಿದೆ), ಟ್ರಿಪ್ ಇಲ್ಲ (ಬ್ರೇಕರ್ ಬೀಳಿಸಿಲ್ಲ). ಟೆಸ್ಟಿಂಗ್‌ನವರನ್ನು ಕರೆಸಿ ಸೆಕೆಂಡರಿ ಇಂಜೆಕ್ಷನ್ ಮಾಡಿಸಿದಾಗ ಬಣ್ಣ ಬಯಲಾಯಿತು. 1 ಆಂಪ್ಸ್ ದಾಟಿದರೆ ಪಿಕಪ್ ಆಗಬೇಕಿದ್ದ ರಿಲೇ 2ಕ್ಕೂ ಸುಮ್ನೆ ಕೂತಿತ್ತು, 3, 4ಕ್ಕೂ ಅಷ್ಟೇ. 5 ದಾಟಿದ ಮೇಲೆ ಎಚ್ಚರ.

ರಿಲೇ ಬಿಚ್ಚಿದೆವು. ಹೊರಗಿನ ಲೇಬಲ್‌ನಲ್ಲಿ 1 ಆಂಪ್ಸ್ ಅಂತಿದೆ. ಒಳಗಿನ ಅನಲಾಗ್ ಇನ್‌ಪುಟ್ ಕಾರ್ಡ್ 5 ಆಂಪ್ಸ್‌ದು! ಅದರ ಸ್ಟಿಕ್ಕರ್ ಅರ್ಧ ಕೆರೆದಿದ್ದರು, ಆದರೂ ಪಾರ್ಟ್ ನಂಬರ್ ಓದಲು ಬರುತ್ತಿತ್ತು. ಪವರ್ ಸಪ್ಲೈ ಜೊತೆ ಇದನ್ನೂ ಯಾವುದೋ ಗುಜರಿ ರಿಲೇಯಿಂದ ಕಿತ್ತು ಹಾಕಿದ್ದರು. ಬಿಲ್‌ನಲ್ಲಿ ಒಂದೇ ಸಾಲು, "ಕಾರ್ಡ್ ರಿಪ್ಲೇಸ್ಡ್".

ಹಾಗಾದರೆ ಡಿಸ್‌ಪ್ಲೇ 80 ತೋರಿಸಿದ್ದು ಹೇಗೆ? ಇದು ನಿಜವಾದ ಕಿತಾಪತಿ. 5 ಆಂಪ್ಸ್ ಕಾರ್ಡ್ ಹಾಕಿದರೆ ರೀಡಿಂಗ್ ಐದರಲ್ಲಿ ಒಂದು ಪಾಲು, ಅಂದರೆ 16 ಬರಬೇಕು. ಆ ಹುಡುಗ ಸೆಟ್ಟಿಂಗ್‌ಗೆ ಹೋಗಿ ಸಿಟಿ ಪ್ರೈಮರಿ 200 ಇದ್ದದ್ದನ್ನು 1000 ಮಾಡಿದ್ದ. ರೀಡಿಂಗ್ ಸರಿಹೋಯಿತು. ಆದರೆ ನಮ್ಮ ರಿಲೇಯಲ್ಲಿ ಟ್ರಿಪ್ ಸೆಟ್ಟಿಂಗ್ ರೇಟೆಡ್ ಕರೆಂಟಿನ ಎಷ್ಟು ಪಟ್ಟು ಅನ್ನುವ ಲೆಕ್ಕದಲ್ಲಿ ಇರುತ್ತದೆ. ಹಾಗಾಗಿ 200 ಆಂಪ್ಸ್‌ಗೆ ಇದ್ದ ಪಿಕಪ್ ಸದ್ದಿಲ್ಲದೆ 1000ಕ್ಕೆ ಏರಿತು. ನಮ್ಮದು ಸ್ಟಾಂಡರ್ಡ್ ಇನ್‌ವರ್ಸ್ ಕರ್ವ್ (ಕರೆಂಟ್ ಪಿಕಪ್‌ಗಿಂತ ಹೆಚ್ಚಾದಷ್ಟೂ ಬೇಗ ಟ್ರಿಪ್), ಟೈಮ್ ಮಲ್ಟಿಪ್ಲೈಯರ್ 0.1. 1500 ಆಂಪ್ಸ್‌ಗೆ 0.34 ಸೆಕೆಂಡಿನಲ್ಲಿ ಬೀಳಬೇಕಿತ್ತು. ಈಗ 1.7 ಸೆಕೆಂಡ್ ಬೇಕು. ಅಷ್ಟರೊಳಗೆ ಸಬ್‌ಸ್ಟೇಷನ್ ರಿಲೇ ಬೀಳದೆ ಇರುತ್ತದಾ?

ಅಂಗಡಿಯವರಿಗೆ ಫೋನ್ ಮಾಡಿದರೆ, "ರೀಡಿಂಗ್ ಕರೆಕ್ಟ್ ಇತ್ತಲ್ಲ ಸರ್, ನಿಮ್ಮವರೇ ಸೈನ್ ಮಾಡಿದ್ದಾರೆ" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಆದ್ದರಿಂದ ಕಾರ್ಡ್ ಬದಲಾಯಿಸಿದ ರಿಲೇಗೆ ಸೆಕೆಂಡರಿ ಇಂಜೆಕ್ಷನ್ ಇಲ್ಲದೆ ಸೈನ್ ಹಾಕಬೇಡಿ. ಪಿಕಪ್ ಮತ್ತು ಟೈಮಿಂಗ್ ಮೂರೂ ಫೇಸ್‌ಗೆ, ಅರ್ಥ್ ಫಾಲ್ಟ್‌ಗೆ ಬೇರೆ ನೋಡಿಸಿ. ಕೊನೆಗೆ ರಿಲೇಯಿಂದ ಬ್ರೇಕರ್ ನಿಜವಾಗಿ ಬೀಳುತ್ತದಾ ನೋಡಿ, ಲ್ಯಾಂಪ್ ಹತ್ತಿದರೆ ಸಾಲದು. ಯಾವ ಕಾರ್ಡ್, ಯಾವ ಪಾರ್ಟ್ ನಂಬರ್ ಅಂತ ಬಿಲ್‌ನಲ್ಲಿ ಬರೆಸಿ. ಕಳಿಸುವ ಮುಂಚೆ ಸೆಟ್ಟಿಂಗ್ ಫೈಲ್ ಇಳಿಸಿಟ್ಟುಕೊಳ್ಳಿ. ಡಿಸ್‌ಪ್ಲೇ ಸತ್ತ ಮೇಲೆ ಅದು ಸಿಗುವುದಿಲ್ಲ, ಹಾಗಾಗಿ ಇವತ್ತೇ ಇಳಿಸಿ. ಕಂಟ್ರೋಲ್ ಸಪ್ಲೈ 24 ವೋಲ್ಟಾ, 110 ಡಿಸಿನಾ ಅನ್ನುವುದೂ ಕಾರ್ಡಿಗೆ ಹೊಂದಬೇಕು. ಇನ್ನು ರಿಲೇ ಬಿಚ್ಚುವಾಗ ಲೈನ್ ಆನ್ ಇದ್ದರೆ ಮೊದಲು ಸಿಟಿ ಸೆಕೆಂಡರಿ (ರಿಲೇಗೆ ಬರುವ ಕಡೆ) ಶಾರ್ಟ್ ಮಾಡಿ. ಸಿಟಿ ಸೆಕೆಂಡರಿ ಓಪನ್ ಆದರೆ ಜೀವ ತೆಗೆಯುವಷ್ಟು ವೋಲ್ಟೇಜ್ ಬರುತ್ತದೆ, ಇದರಲ್ಲಿ ತಮಾಷೆ ಬೇಡ.

ಈಗಾಗಲೇ ರಿಪೇರಿ ಆದ ರಿಲೇ ನಿಮ್ಮ ಪ್ಯಾನೆಲ್‌ನಲ್ಲಿದ್ದರೆ ಒಂದು ಕೆಲಸಕ್ಕೆ ಶಟ್‌ಡೌನ್ ಕೂಡ ಬೇಡ. ರಿಲೇ ಮೆನುವಿನಲ್ಲಿ ಸಿಟಿ ರೇಶಿಯೋ ನೋಡಿ, ಹಳೆಯ ಟೆಸ್ಟ್ ರಿಪೋರ್ಟ್‌ನಲ್ಲಿರುವ ಸಿಟಿ ನೇಮ್‌ಪ್ಲೇಟ್ ವಿವರದ ಜೊತೆ ತಾಳೆ ಹಾಕಿ. ಎರಡೂ ಬೇರೆ ಇದ್ದರೆ ಬ್ರೇಕರ್ ಆಫ್ ಮಾಡಿ ಟೆಸ್ಟಿಂಗ್‌ನವರನ್ನು ಕರೆಸಿ. ಸುಮ್ನೆ ರೇಶಿಯೋ ತಿದ್ದಿ ಬಿಟ್ಟುಬಿಡಬೇಡಿ, ಒಳಗಿನ ಕಾರ್ಡ್ ಆಗಲೂ ಅದೇ ಇರುತ್ತದೆ.