‘ಕೋಕಾ’ ಕಾರ್ಪಸ್: ಪಾಠದ ಸಿದ್ಧತೆಗೆ ಉತ್ತಮ, ವಿದ್ಯಾರ್ಥಿಯ ಕೈಗೆ ಕೊಡುವುದು ಕಷ್ಟ

ಕಾರ್ಪಸ್ ಎಂದರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಹುಡುಕಲು ಬರುವಂತೆ ಕಂಪ್ಯೂಟರಿನಲ್ಲಿ ಕೂಡಿಟ್ಟ ದೊಡ್ಡ ಸಂಗ್ರಹ. ಇಂಗ್ಲಿಷ್ ಕಲಿಸುವವರ ವಲಯದಲ್ಲಿ ‘ಕೋಕಾ’ ಎಂದೇ ಪರಿಚಿತವಾದ ‘ಕಾರ್ಪಸ್ ಆಫ್ ಕಂಟೆಂಪರರಿ ಅಮೆರಿಕನ್ ಇಂಗ್ಲಿಷ್’ ಅನ್ನು ಭಾಷಾವಿಜ್ಞಾನಿ ಮಾರ್ಕ್ ಡೇವಿಸ್ ಅವರು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿದ್ದಾಗ ರೂಪಿಸಿ, 2008ರಲ್ಲಿ ಅಂತರ್ಜಾಲದಲ್ಲಿ ತೆರೆದಿಟ್ಟರು. 1990ರಿಂದ 2019ರವರೆಗಿನ ಬರಹ ಮತ್ತು ಮಾತಿನಿಂದ ಆಯ್ದ ಸುಮಾರು 100 ಕೋಟಿ ಪದಗಳು ಇದರಲ್ಲಿದ್ದು, ಮಾತುಕತೆ, ಕಥೆ, ನಿಯತಕಾಲಿಕ, ದಿನಪತ್ರಿಕೆ, ವಿದ್ವತ್ ಲೇಖನ, ಸಿನಿಮಾ ಮತ್ತು ಟಿವಿ ಸಬ್‌ಟೈಟಲ್, ಬ್ಲಾಗ್, ಇತರ ಜಾಲಪುಟಗಳು ಎಂದು 8 ವಿಭಾಗಗಳಾಗಿ ಹಂಚಿಕೆಯಾಗಿವೆ. 1960ರ ದಶಕದ ಬ್ರೌನ್ ಕಾರ್ಪಸ್ಸಿನಲ್ಲಿ ಇದ್ದದ್ದು 10 ಲಕ್ಷ ಪದಗಳು ಎಂಬುದನ್ನು ನೆನೆದರೆ ಇದರ ಗಾತ್ರ ಅಂದಾಜಿಗೆ ಸಿಗುತ್ತದೆ. ಆದರೆ ಮೇಷ್ಟರಿಗೆ ಬೇಕಾದದ್ದು ಗಾತ್ರಕ್ಕಿಂತ, ನಿಘಂಟು ಬಿಟ್ಟ ಜಾಗವನ್ನು ಇದು ತುಂಬುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ.

ಒಂದು ಉದಾಹರಣೆ ನೋಡಬಹುದು. ‘ಕಾಝ್’ ಎಂಬ ಕ್ರಿಯಾಪದಕ್ಕೆ ನಿಘಂಟು ‘ಉಂಟುಮಾಡು, ಕಾರಣವಾಗು’ ಎಂಬ ಅರ್ಥ ಕೊಡುತ್ತದೆ. ಅದನ್ನು ನಂಬಿದ ವಿದ್ಯಾರ್ಥಿ, ತನ್ನ ಯಶಸ್ಸಿಗೆ ಗುರುಗಳೇ ಕಾರಣ ಎನ್ನಲು ‘ಮೈ ಟೀಚರ್ ಕಾಝ್ಡ್ ಮೈ ಸಕ್ಸೆಸ್’ ಎಂದು ಬರೆಯುತ್ತಾನೆ. ವ್ಯಾಕರಣದ ದೃಷ್ಟಿಯಿಂದ ವಾಕ್ಯದಲ್ಲಿ ತಪ್ಪಿಲ್ಲವಾದ್ದರಿಂದ ಅದನ್ನು ಏಕೆ ತಿದ್ದಬೇಕೆಂದು ವಿವರಿಸುವುದು ಶಿಕ್ಷಕರಿಗೂ ಸುಲಭವಲ್ಲ. ಕೋಕಾದಲ್ಲಿ ಇದೇ ಕ್ರಿಯಾಪದದ ನಂತರ ಬರುವ ನಾಮಪದಗಳನ್ನು ಕೇಳಿದರೆ ಹಾನಿ, ಸಮಸ್ಯೆ, ಸಾವು, ಕ್ಯಾನ್ಸರ್, ನೋವು ಎಂಬರ್ಥದ ಪದಗಳೇ ಸಾಲುಗಟ್ಟುತ್ತವೆ. ಈ ಪದ ಕೆಟ್ಟದ್ದರ ಸಹವಾಸದಲ್ಲೇ ಹೆಚ್ಚಾಗಿ ಇರುತ್ತದೆ ಎಂಬುದು ಪಟ್ಟಿ ನೋಡಿದ ಮಾತ್ರಕ್ಕೆ ತಿಳಿಯುತ್ತದೆ. ಗುರುಗಳ ಉಪಕಾರಕ್ಕೆ ಅದು ಏಕೆ ಹೊಂದುವುದಿಲ್ಲ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಪದವೊಂದು ಯಾವ ವಿಭಾಗದಲ್ಲಿ 10 ಲಕ್ಷ ಪದಗಳಿಗೆ ಎಷ್ಟು ಬಾರಿ ಬರುತ್ತದೆ ಎಂಬುದನ್ನು ತೋರಿಸುವ ‘ಚಾರ್ಟ್’ ಸೌಲಭ್ಯವೂ ಅಷ್ಟೇ ಉಪಯುಕ್ತ. ನಮ್ಮ ವಿದ್ಯಾರ್ಥಿಗಳು ಎರಡು ವಾಕ್ಯಕ್ಕೊಮ್ಮೆ ಬಳಸುವ ‘ಮೋರೋವರ್’ ವಿದ್ವತ್ ಬರಹದಲ್ಲಿ ಧಾರಾಳವಾಗಿಯೂ ಮಾತುಕತೆಯಲ್ಲಿ ಬಲು ವಿರಳವಾಗಿಯೂ ಇರುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಗೆಳೆಯನಿಗೆ ಬರೆಯುವ ಪತ್ರದಲ್ಲಿ ಅದು ಏಕೆ ಭಾರವೆನಿಸುತ್ತದೆ ಎಂದು ವಾದಿಸುವುದಕ್ಕಿಂತ ಆ ಚಾರ್ಟನ್ನು ತೋರಿಸುವುದು ಮೇಲು.

ಇಷ್ಟಿದ್ದರೂ ಪದವಿ ತರಗತಿಯ ಸಾಮಾನ್ಯ ವಿದ್ಯಾರ್ಥಿಯನ್ನು ನೇರವಾಗಿ ಈ ತಾಣಕ್ಕೆ ಕಳುಹಿಸಲು ನನ್ನ ಸಮ್ಮತಿ ಇಲ್ಲ. ಪುಟದ ತುಂಬ ಗುಂಡಿಗಳು, ಸಂಕ್ಷೇಪಗಳು, ಬಣ್ಣಗಳು ಕಿಕ್ಕಿರಿದಿವೆ. ಮೊಬೈಲ್ ಪರದೆಯ ಮೇಲೆ ಅವುಗಳನ್ನು ನಿಭಾಯಿಸುವುದು ಪ್ರಯಾಸದ ಕೆಲಸ. ಫಲಿತಾಂಶವಾಗಿ ಬರುವ ಸಾಲುಗಳು ಎರಡೂ ತುದಿಗಳಲ್ಲಿ ಕತ್ತರಿಸಿದ ತುಣುಕುಗಳಾಗಿದ್ದು, ಅವುಗಳಲ್ಲಿ ಅಮೆರಿಕದ ಚುನಾವಣೆ, ಬೇಸ್‌ಬಾಲ್, ಟಿವಿ ಸರಣಿಗಳ ಸಂದರ್ಭ ತುಂಬಿರುವುದರಿಂದ, ಒಂದು ಪದ ಹುಡುಕಲು ಹೋದವನಿಗೆ ಹತ್ತು ಹೊಸ ಪದಗಳು ಎದುರಾಗುತ್ತವೆ. ಉಚಿತ ಖಾತೆಗೆ ನೋಂದಣಿ ಬೇಕು, ದಿನಕ್ಕೆ ಇಷ್ಟೇ ಹುಡುಕಾಟ ಎಂಬ ಮಿತಿಯೂ ಉಂಟು. ವಿದ್ಯಾರ್ಥಿಗಳಿಗೆ ‘ಸ್ಕೆಲ್’ ಎಂಬ ಇನ್ನೊಂದು ತಾಣ ವಾಸಿ: ನೋಂದಣಿಯ ಗೋಜಿಲ್ಲ, ಒಂದು ಪದಕ್ಕೆ ಹೆಚ್ಚೆಂದರೆ 40 ಪೂರ್ಣ ವಾಕ್ಯಗಳನ್ನು ಕೊಡುತ್ತದೆ, ಜೊತೆಗೆ ಬರುವ ಪದಗಳನ್ನು ಬೇರೆಯಾಗಿ ಪಟ್ಟಿಮಾಡುತ್ತದೆ.

ಕೋಕಾ ಹೇಳಿದ್ದೇ ಸರಿ ಎಂದು ಹಿಡಿಯುವ ಅಪಾಯವೂ ಇದೆ. ಅದು ತೋರಿಸುವುದು ಅಮೆರಿಕದ ಬಳಕೆಯನ್ನು ಮಾತ್ರ. ‘ಪ್ರೀಪೋನ್’ ಅಲ್ಲಿ ಹೆಚ್ಚುಕಡಿಮೆ ಕಾಣಸಿಗದು ಎಂಬ ಕಾರಣಕ್ಕೆ ಬೆಂಗಳೂರಿನ ಕಚೇರಿಯ ಮಿಂಚಂಚೆಯಿಂದ ಅದನ್ನು ಹೊರಗಟ್ಟಬೇಕಿಲ್ಲ. ಅದೇ ತಾಣದಲ್ಲಿರುವ ‘ಗ್ಲೋಬ್’ ಕಾರ್ಪಸ್ 20 ದೇಶಗಳ ಜಾಲಪುಟಗಳಿಂದ ಸುಮಾರು 190 ಕೋಟಿ ಪದಗಳನ್ನು ಒಳಗೊಂಡಿದ್ದು, ಭಾರತಕ್ಕೂ ಒಂದು ಕಾಲಂ ಕೊಟ್ಟಿದೆ. ಸಂದೇಹ ಬಂದಾಗ ಎರಡನ್ನೂ ನೋಡುವುದು ವಿವೇಕ. (ಭಾರತೀಯ ಇಂಗ್ಲಿಷಿನ ಮೊದಲ ದೊಡ್ಡ ಕಾರ್ಪಸ್ ಸಿದ್ಧವಾದದ್ದು ನಮ್ಮ ಗಡಿಯಾಚೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ, 1978ರ ಬರಹಗಳನ್ನು ಆಧರಿಸಿ. ಇಲ್ಲಿನ ಇಂಗ್ಲಿಷ್ ವಿಭಾಗಗಳಲ್ಲಿ ಅದರ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.)

ಕಂಪ್ಯೂಟರ್ ಲ್ಯಾಬ್ ಇಲ್ಲದ ಕಾಲೇಜುಗಳಿಗೆ ಇದು ಎಟುಕದು ಎಂಬ ಆಕ್ಷೇಪವನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾರ್ಪಸ್ ಆಧಾರಿತ ಕಲಿಕೆಯ ಆದ್ಯರಲ್ಲಿ ಒಬ್ಬರಾದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಟಿಮ್ ಜಾನ್ಸ್ ಅವರೂ ಕಾರ್ಪಸ್ಸಿನ ಸಾಲುಗಳನ್ನು ಮುದ್ರಿಸಿ ತರಗತಿಯಲ್ಲಿ ಹಂಚಿದವರೇ. ಶಿಕ್ಷಕರು ಮನೆಯಲ್ಲಿ ಕುಳಿತು ಕೋಕಾದ ನೂರು ಸಾಲುಗಳಲ್ಲಿ ಅರ್ಥವಾಗುವ ಹತ್ತು ಹನ್ನೆರಡನ್ನು ಆರಿಸಿ, ಸಾಲಿನ ನಡುವೆ ಬರುವ, ಹುಡುಕಿದ ಪದವನ್ನು ಅಳಿಸಿ, ಒಂದು ಹಾಳೆಗೆ ಇಳಿಸಿದರೆ ಒಂದು ಪೀರಿಯಡ್‌ಗೆ ಸಾಕಾಗುವಷ್ಟು ಕೆಲಸ ಸಿದ್ಧವಾಗುತ್ತದೆ, ಖರ್ಚು ಜೆರಾಕ್ಸಿನದು ಮಾತ್ರ.