ಕೆರೆಗೆಂದು ಕೊಂಡ ನೀರು ಪರೀಕ್ಷಾ ಕಿಟ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಬೆಂಗಳೂರಿನ ಹೊರವಲಯದಲ್ಲಿ ನಮ್ಮ ಬಡಾವಣೆಗೆ ಹೊಂದಿಕೊಂಡಿರುವ ಕೆರೆ ಇಪ್ಪತ್ತೈದು ಎಕರೆಗೂ ಕಡಿಮೆ. ರಾಜಕಾಲುವೆಯಲ್ಲಿ ಮಳೆನೀರಿನ ಜೊತೆ ಮನೆಗಳ ಕೊಳಚೆಯೂ ಬರುತ್ತದೆಂಬುದು ಮೂಗಿಗೇ ತಿಳಿಯುತ್ತಿತ್ತು. ಆದರೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಅದರಲ್ಲಿ ಎಷ್ಟನ್ನು ಕೆರೆ ಅರಗಿಸಿಕೊಳ್ಳುತ್ತದೆ ಎಂದು ಹೇಳಲು ನಮ್ಮ ಬಳಿ ಒಂದು ಅಂಕಿಯೂ ಇರಲಿಲ್ಲ. ಬೇಸಿಗೆಯ ಕೊನೆಯಲ್ಲಿ, ಮೊದಲ ಮಳೆ ಬಿದ್ದ ಮರುದಿನ ಏರಿಯ ಉದ್ದಕ್ಕೂ ಮೀನು ಸತ್ತು ತೇಲಿದ್ದನ್ನು ಕಂಡ ಮೇಲೆ ನಾವು ಎಂಟು ಮಂದಿ ಹಣ ಕೂಡಿಸಿ, ಸಣ್ಣ ಸೂಟ್‌ಕೇಸಿನಷ್ಟಿರುವ ಈ ಪರೀಕ್ಷಾ ಕಿಟ್ ತರಿಸಿದೆವು. ಹದಿನಾಲ್ಕು ತಿಂಗಳಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರವೂ ಅದನ್ನು ಬಳಸಿದ್ದೇವೆ.

ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಈ ಪೆಟ್ಟಿಗೆಯ ಅರ್ಧದಷ್ಟು ಸಾಮಗ್ರಿ ಕೆರೆಗೆ ಬೇಕಾದದ್ದೇ ಅಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಟ್ಟು ನೀಡುವ ಕಿಟ್‌ಗಳಂತೆ ಇದೂ ಮೂಲತಃ ಕುಡಿಯುವ ನೀರಿಗಾಗಿ ಸಿದ್ಧವಾದದ್ದು. ಗಡಸುತನ, ಫ್ಲೋರೈಡ್, ಕಬ್ಬಿಣ, ಉಳಿಕೆ ಕ್ಲೋರಿನ್ ಇವೆಲ್ಲ ಕೊಳವೆಬಾವಿಗೂ ನಲ್ಲಿಗೂ ಅಗತ್ಯವಾದ ಪರೀಕ್ಷೆಗಳು. ರೋಗಾಣುಗಳ ಸುಳಿವು ಕೊಡುವ ಸಣ್ಣ ಸೀಸೆಗಳೂ ಇದರಲ್ಲಿವೆ. ನೀರು ತುಂಬಿಸಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಾದರೆ ಕುಡಿಯಲು ಯೋಗ್ಯವಲ್ಲ ಎಂದರ್ಥ. ಕೆರೆಯ ನೀರು ಪ್ರತಿ ಸಲವೂ ಕಪ್ಪಾಯಿತು. ದನ ತೊಳೆಯುವ, ಹಕ್ಕಿ ಕೂರುವ ನೀರು ಕಪ್ಪಾಗದೆ ಇನ್ನೇನಾದೀತು? ಮೂರು ವಾರಗಳ ನಂತರ ಆ ಪರೀಕ್ಷೆಯನ್ನು ಕೈಬಿಟ್ಟೆವು.

ಇಡೀ ಕಿಟ್ಟಿನ ಬೆಲೆಯನ್ನು ಸಾರ್ಥಕಗೊಳಿಸುವುದು ಕರಗಿದ ಆಮ್ಲಜನಕದ ಪರೀಕ್ಷೆ. ಹಂಗೇರಿಯ ರಸಾಯನ ವಿಜ್ಞಾನಿ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವನ್ನೇ ಇದರಲ್ಲಿ ಹನಿಗಳ ಲೆಕ್ಕಕ್ಕೆ ಇಳಿಸಿದ್ದಾರೆ. ಗಾಜಿನ ಬಿರಡೆಯ ಸೀಸೆಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮೊದಲ ಎರಡು ದ್ರಾವಣಗಳನ್ನು ಹಾಕಿದಾಗ ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಮಡ್ಡಿ, ಇಲ್ಲದಿದ್ದರೆ ಬಿಳಿಯ ಮಡ್ಡಿ ಇಳಿಯುತ್ತದೆ. ಆಮ್ಲ ಹಾಕಿ ಅದನ್ನು ಕರಗಿಸಿ, ಪಿಷ್ಟ ಬೆರೆಸಿ, ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟಿನ ಹನಿಗಳನ್ನು ಎಣಿಸಬೇಕು. ಕೈ ಪಳಗಲು ನಮಗೆ ಒಂದು ತಿಂಗಳು ಬೇಕಾಯಿತು. ಅದಾದ ಮೇಲೆ ಇಬ್ಬರು ಬೇರೆ ಬೇರೆಯಾಗಿ ಎಣಿಸಿದರೂ ಹೆಚ್ಚೆಂದರೆ ಒಂದು ಹನಿಯ ವ್ಯತ್ಯಾಸ ಬರುತ್ತಿತ್ತು. ಈ ವಿಷಯದಲ್ಲಿ ಕಿಟ್ಟಿಗೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ನೀರನ್ನು ಯಾವ ಹೊತ್ತಿನಲ್ಲಿ ತೆಗೆಯಬೇಕೆಂದು ಜೊತೆಗಿರುವ ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ, ಮತ್ತು ಇದು ಸಣ್ಣ ಲೋಪವಲ್ಲ. ಪಾಚಿ ತುಂಬಿ ಹಸಿರಾದ ಕೆರೆಯಲ್ಲಿ ಹಗಲೆಲ್ಲ ಪಾಚಿಯೇ ಆಮ್ಲಜನಕ ಬಿಡುತ್ತದೆ. ಇರುಳೆಲ್ಲ ಅದೇ ಪಾಚಿ, ಮೀನು, ಕೆಸರಿನ ಸೂಕ್ಷ್ಮಜೀವಿಗಳು ಎಲ್ಲವೂ ಸೇರಿ ಅದನ್ನು ಖಾಲಿ ಮಾಡುತ್ತವೆ. ಮೊದಲ ಎರಡು ತಿಂಗಳು ನಾವು ಸಂಜೆ ನಾಲ್ಕಕ್ಕೆ ಹೋಗಿ ಲೀಟರಿಗೆ 9, 10 ಮಿಲಿಗ್ರಾಂ ಎಂದು ಬರೆದುಕೊಂಡು ಸಮಾಧಾನದಿಂದ ಮರಳುತ್ತಿದ್ದೆವು. ಕೆರೆಯ ಪರಿಚಯವಿದ್ದ ಹಿರಿಯ ಮೀನುಗಾರರೊಬ್ಬರು, ‘ಬೆಳಗಿನ ಜಾವ ಬನ್ನಿ ಸ್ವಾಮಿ, ಮೀನು ಬಾಯಿ ಮೇಲೆ ಮಾಡ್ಕೊಂಡು ನಿಂತಿರ್ತವೆ’ ಎಂದರು. ಸೂರ್ಯ ಹುಟ್ಟುವ ಮೊದಲು ತೆಗೆದ ಅದೇ ಜಾಗದ ನೀರಿನಲ್ಲಿ 2 ಮಿಲಿಗ್ರಾಂ ಕೂಡ ಇರಲಿಲ್ಲ. ಮೀನು ಮತ್ತು ವನ್ಯಜೀವಿಗಳ ನೆಲೆಗೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಪಡಿಸಿರುವ ‘ಡಿ’ ವರ್ಗಕ್ಕೆ ಕನಿಷ್ಠ 4 ಮಿಲಿಗ್ರಾಂ ಬೇಕು. ಸಂಜೆಯ ಅಂಕಿಯನ್ನಷ್ಟೇ ನಂಬಿದ್ದರೆ ನಮ್ಮ ಕೆರೆ ಆರೋಗ್ಯವಾಗಿದೆಯೆಂದು ನಾವೇ ಸಾರಿಬಿಡುತ್ತಿದ್ದೆವು.

ಕೈಪಿಡಿಯಲ್ಲಿರುವ ಆಮ್ಲಜನಕದ ಕೋಷ್ಟಕವೂ ಸಮುದ್ರಮಟ್ಟದ ಲೆಕ್ಕದ್ದು. 25 ಡಿಗ್ರಿ ಉಷ್ಣತೆಯ ನೀರು ಅಲ್ಲಿ ಸುಮಾರು 8.3 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹಿಡಿಯುವುದು ಸುಮಾರು 7.5 ಮಾತ್ರ. ಹಾಗಾಗಿ ಸಂಜೆಯ ಆ 10 ಮಿಲಿಗ್ರಾಂ ಕೂಡ ಒಳ್ಳೆಯ ಸುದ್ದಿಯಾಗಿರಲಿಲ್ಲ. ಪಾಚಿ ಮಿತಿಮೀರಿದ್ದರ ಗುರುತಾಗಿತ್ತು.

ಅಮೋನಿಯಾ ಪರೀಕ್ಷೆ ಸುಲಭ, ಬಣ್ಣದ ಪಟ್ಟಿಯೂ ಸ್ಪಷ್ಟವಾಗಿದೆ. ಆದರೆ ಅದು ತೋರಿಸುವುದು ಒಟ್ಟು ಅಮೋನಿಯಾ. ಮೀನಿಗೆ ವಿಷವಾಗುವುದು ಅದರಲ್ಲಿನ ಮುಕ್ತ ಅಮೋನಿಯಾದ ಪಾಲು, ಮತ್ತು ಆ ಪಾಲು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ, ಏರಿದಂತೆ ಏರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 8 ಇದ್ದಾಗ ಶೇ. 5ರಷ್ಟಿರುವುದು ಪಿಎಚ್ 9ಕ್ಕೆ ಹೋದರೆ ಶೇ. 35ನ್ನು ದಾಟುತ್ತದೆ. ಬಿಸಿಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮಧ್ಯಾಹ್ನದ ಹೊತ್ತಿಗೆ ಪಿಎಚ್ 9ರ ಆಸುಪಾಸಿಗೆ ಬರುವುದು ಇಂಥ ಕೆರೆಗಳಲ್ಲಿ ಸಾಮಾನ್ಯ. ಅಂದರೆ ಬೆಳಿಗ್ಗೆ ಉಸಿರಿಗೆ ಒದ್ದಾಡಿದ ಮೀನಿಗೆ ಮಧ್ಯಾಹ್ನ ಬೇರೊಂದು ಅಪಾಯ. ಅಮೋನಿಯಾ, ಪಿಎಚ್ ಎರಡೂ ಪರೀಕ್ಷೆಗಳನ್ನು ಒಂದೇ ಹೊತ್ತಿಗೆ ಮಾಡಿ ಒಟ್ಟಿಗೆ ಓದಬೇಕೆಂಬ ಒಂದು ಸಾಲನ್ನು ತಯಾರಕರು ಸೇರಿಸಿದ್ದರೆ ಸಾಕಿತ್ತು. ಪಿಎಚ್ ಕಾಗದದಲ್ಲಿ ಅರ್ಧ ಅಂಕದಷ್ಟು ವ್ಯತ್ಯಾಸ ಬರುವುದರಿಂದ ನಾವು ಒಂದು ಪಿಎಚ್ ಪೆನ್ ಪ್ರತ್ಯೇಕವಾಗಿ ಕೊಂಡೆವು.

ಫಾಸ್ಫೇಟ್ ಪರೀಕ್ಷೆ ನಿರುಪಯುಕ್ತ. ಲೀಟರಿಗೆ ಒಂದು ಮಿಲಿಗ್ರಾಮಿನ ನೂರರ ಕೆಲವೇ ಭಾಗದಷ್ಟು ರಂಜಕ (ಫಾಸ್ಫರಸ್) ಇದ್ದರೂ ಪಾಚಿ ಹಬ್ಬುತ್ತದೆ. ಇದರ ಪಟ್ಟಿಯ ಮೊದಲ ಬಣ್ಣವೇ ಅದಕ್ಕಿಂತ ಬಹಳ ಮೇಲಿದೆ. ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ತೋರಿಸುವ ಟಿಡಿಎಸ್ ಪೆನ್ ಮಾತ್ರ ನಿರೀಕ್ಷೆಗಿಂತ ಹೆಚ್ಚು ಕೆಲಸಕ್ಕೆ ಬಂತು: ರಾಜಕಾಲುವೆ ಕೆರೆ ಸೇರುವಲ್ಲಿ ಮತ್ತು ಕೋಡಿಯ ಬಳಿ ಅಳೆದು ಹೋಲಿಸಿದರೆ, ಮಳೆಯಿಲ್ಲದ ದಿನ ಕೊಳಚೆ ಹರಿದುಬಂದದ್ದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಬಿಒಡಿ, ಅಂದರೆ ನೀರಿನಲ್ಲಿನ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ, ಈ ಕಿಟ್ಟಿನಿಂದ ಸಾಧ್ಯವಿಲ್ಲ. ಅದಕ್ಕೆ ನೀರನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡುವ ಪ್ರಯೋಗಾಲಯವೇ ಬೇಕು.

ಪೆಟ್ಟಿಗೆಯಲ್ಲಿ ಇರಲೇಬೇಕಾಗಿದ್ದು ಇಲ್ಲದಿರುವುದು ಸೆಕ್ಕಿ ತಟ್ಟೆ. ಇಟಲಿಯ ಪಾದ್ರಿ ಹಾಗೂ ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಇಂಥ ತಟ್ಟೆ ಇಳಿಸಿ ನೀರಿನ ತಿಳಿಯನ್ನು ಅಳೆದರು. 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಗೆ ಕಪ್ಪು, ಬಿಳಿ ಬಣ್ಣವನ್ನು ಕಾಲುಭಾಗಗಳಾಗಿ ಬಳಿಸಿ, ಗುರುತು ಹಾಕಿದ ಹಗ್ಗ ಕಟ್ಟಿ ನಾವೇ ಮಾಡಿಕೊಂಡೆವು. ತಟ್ಟೆ ಅರ್ಧ ಮೀಟರಿಗೂ ಮೊದಲೇ ಕಣ್ಮರೆಯಾದರೆ ಕೆರೆಗೆ ಪೋಷಕಾಂಶ ಅತಿಯಾಗಿದೆಯೆಂದು ಶಂಕಿಸಬಹುದು; ಮಳೆಗಾಲದಲ್ಲಿ ಮಾತ್ರ ಕೆಂಪು ಮಣ್ಣಿನ ಬಗ್ಗಡಕ್ಕೂ ಪಾಚಿಗೂ ವ್ಯತ್ಯಾಸವನ್ನು ಕಣ್ಣಿನಿಂದಲೇ ನೋಡಿ ಬರೆದುಕೊಳ್ಳಬೇಕು.

ಕೆರೆಯ ಜೀವಿಗಳ ಬಗ್ಗೆಯೂ ಕಿಟ್ ಮೌನವಾಗಿದೆ. ಅಂಚಿನ ಕೆಸರನ್ನು ಜರಡಿಯಲ್ಲಿ ತೊಳೆದು ಬಿಳಿ ತಟ್ಟೆಗೆ ಸುರಿದರೆ ಏರೋಪ್ಲೇನ್ ಚಿಟ್ಟೆಯ ಮರಿಗಳು, ಬಸವನಹುಳು ಕಾಣುತ್ತವೆ. ರಾಜಕಾಲುವೆಯ ಬಾಯಲ್ಲಿ ಮಾತ್ರ ಕೆಂಪು ಹುಳುಗಳೇ ತುಂಬಿದ್ದವು. ಅವುಗಳ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿಯೂ ಬದುಕಲು ಅವಕ್ಕೆ ನೆರವಾಗುತ್ತದೆ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆಗಳ ಎಣಿಕೆಯನ್ನೂ ಅಂತರಗಂಗೆ ಹಬ್ಬಿದ ಜಾಗದ ನಕ್ಷೆಯನ್ನೂ ಅದೇ ಪುಸ್ತಕದಲ್ಲಿ ಇಡುತ್ತಿದ್ದೇವೆ.

ಆಮ್ಲಜನಕ ಪರೀಕ್ಷೆಯ ದ್ರಾವಣಗಳಲ್ಲಿ ಪ್ರಬಲ ಆಮ್ಲವೂ ವಿಷಕಾರಿ ಅಜೈಡೂ ಇರುವುದರಿಂದ ಕೈಗವಸು ಕಡ್ಡಾಯ, ಮತ್ತು ಪರೀಕ್ಷೆ ಮುಗಿದ ದ್ರವವನ್ನು ಕೆರೆಗೆ ಚೆಲ್ಲದೆ ಕ್ಯಾನಿನಲ್ಲಿ ಕೂಡಿಡಬೇಕು. ನಮ್ಮ ಕ್ಯಾನನ್ನು ಹತ್ತಿರದ ಕಾಲೇಜಿನ ಪ್ರಯೋಗಾಲಯದವರು ಪಡೆದು ವಿಲೇವಾರಿ ಮಾಡುತ್ತಾರೆ. ಥಯೋಸಲ್ಫೇಟ್ ತಿಂಗಳುಗಳು ಕಳೆದಂತೆ ಶಕ್ತಿಗುಂದುವುದರಿಂದ ಅದರ ಮರುಪೂರಣ ಸೀಸೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಬರಹದಲ್ಲಿ ಕೇಳಿ ಪಡೆಯಿರಿ. ನಮಗೆ ಅದು ಬಂದದ್ದು ಆರು ವಾರ ತಡವಾಗಿ, ಅದೂ ಏಪ್ರಿಲ್–ಮೇ ತಿಂಗಳಲ್ಲಿ; ಕೆರೆಯ ನೀರು ಅತಿ ಕಡಿಮೆಯಿದ್ದ, ಬೆಳಗಿನ ಜಾವದ ಅಂಕಿ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಆ ಆರು ಭಾನುವಾರಗಳ ಸಾಲು ನಮ್ಮ ಪುಸ್ತಕದಲ್ಲಿ ಖಾಲಿಯೇ ಇದೆ.