ಪ್ರೋಟೀನ್ ಅಂಕಿ ನೋಡಿ ಹಿಂಡಿ ನಿಲ್ಲಿಸಬೇಡಿ

ಕ್ಯಾಲಿಯಾಂಡ್ರ ಎಂಬ ಮೇವಿನ ಗಿಡದ ಸೊಪ್ಪಿನ ಲ್ಯಾಬ್ ವರದಿಯಲ್ಲಿ ಕಚ್ಚಾ ಪ್ರೋಟೀನ್ ಶೇ. 22 ಎಂದಿತ್ತು. ಅದನ್ನೇ ನೆಚ್ಚಿ ಹಿಂಡಿ ಪೂರ್ತಿ ನಿಲ್ಲಿಸಿ, ಬಿಸಿಲಲ್ಲಿ ಒಣಗಿಸಿದ ಈ ಸೊಪ್ಪನ್ನು ಒಣಹುಲ್ಲಿನ ಜೊತೆ ಅರ್ಧಕ್ಕರ್ಧ ಹಾಕಿದ್ದಾಯಿತು. ಹಸುಗಳು ಮೂಸಿ ಮುಖ ತಿರುಗಿಸಿದವು, ಹಾಲು ಇಳಿಯಿತು. ಸಗಣಿ ಗಟ್ಟಿಯಾಯಿತು, ಬೆರಳಲ್ಲಿ ಬಿಡಿಸಿ ನೋಡಿದರೆ ಜೀರ್ಣವಾಗದ ಹುಲ್ಲಿನ ನಾರು ಉದ್ದುದ್ದ. ಜಂತಿನ ಔಷಧಿ ಕೊಟ್ಟದ್ದೂ ದಂಡ.

ಇದು ಎಲೆಯಲ್ಲಿರುವ, ಪ್ರೋಟೀನಿಗೆ ಅಂಟಿಕೊಳ್ಳುವ ಒಗರು ವಸ್ತು, ಅಂದರೆ ಸಾಂದ್ರಿತ ಟ್ಯಾನಿನ್‌ನ ಕೆಲಸ. ಲ್ಯಾಬ್ ಅಳೆಯುವುದು ಸಾರಜನಕವನ್ನು. ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಅದರಲ್ಲಿ ಟ್ಯಾನಿನ್ ಹಿಡಿದಿಟ್ಟುಕೊಂಡದ್ದೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ.

ಒಂದು ಎಲೆ ಅಗಿದು ನೋಡಿ, ನಾಲಿಗೆ ಒಗರಾಗಿ ಹಿಡಿದುಕೊಳ್ಳುತ್ತದೆ. ಜೊಲ್ಲಿನ ಪ್ರೋಟೀನಿಗೆ ಟ್ಯಾನಿನ್ ಅಂಟಿದ್ದರ ಗುರುತದು. ಹಸುವಿನ ಮೊದಲ ಹೊಟ್ಟೆಯಲ್ಲೂ ಆಗುವುದು ಇದೇ. ಅಲ್ಲಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7. ಆ ಮಟ್ಟದಲ್ಲಿ ಅಂಟು ಬಿಡುವುದಿಲ್ಲ. ನಾಲ್ಕನೇ ಹೊಟ್ಟೆಯಲ್ಲಿ ಪಿಎಚ್ 3.5ಕ್ಕಿಂತ ಇಳಿದಾಗ ಸಡಿಲವಾಗುತ್ತದೆ. ಹಾಗಾಗಿ ಮೇವಿನ ಒಣತೂಕದಲ್ಲಿ ಟ್ಯಾನಿನ್ ಶೇ. 2ರಿಂದ 4ರಷ್ಟಿದ್ದರೆ ಲಾಭವೇ: ಪ್ರೋಟೀನ್ ಸೂಕ್ಷ್ಮಜೀವಿಗಳ ಬಾಯಿಂದ ತಪ್ಪಿಸಿಕೊಂಡು ಕರುಳು ಸೇರುತ್ತದೆ, ಹೊಟ್ಟೆಯುಬ್ಬರವೂ ಬರುವುದಿಲ್ಲ. ಶೇ. 5–6 ದಾಟಿತೋ, ಹಿಡಿತ ಪೂರ್ತಿ ಬಿಡದೆ ಪ್ರೋಟೀನ್ ಸಗಣಿಯಲ್ಲಿ ಹೋಗುತ್ತದೆ.

ಇಲ್ಲಿ ನಿಜವಾಗಿ ಕೆಡಿಸಿದ್ದು ಒಣಹುಲ್ಲಿನ ಜೋಡಿ. ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೆ ಅಮೋನಿಯ ಬೇಕು, ಅದು ಸಿಗುವುದು ಮೇವಿನ ಪ್ರೋಟೀನ್ ಒಡೆದಾಗ. ಒಣಹುಲ್ಲಿನಲ್ಲಿ ಪ್ರೋಟೀನ್ ಇರುವುದೇ ಶೇ. 3–4, ಸೊಪ್ಪಿನದ್ದು ಟ್ಯಾನಿನ್‌ಗೆ ಅಡವಿಟ್ಟಂತೆ. ಹುಲ್ಲು ಕರಗದೆ ಹೊಟ್ಟೆ ತುಂಬಿಯೇ ಇರುವಾಗ ಹಸು ತಿನ್ನುವುದಾದರೂ ಹೇಗೆ? ಒಣಗಿಸಿದ್ದು ಇನ್ನೊಂದು ತಪ್ಪು. ಒಣಗುವಾಗ ಟ್ಯಾನಿನ್ ಎಲೆಯ ಪ್ರೋಟೀನ್ ಮತ್ತು ನಾರಿಗೆ ಇನ್ನಷ್ಟು ಬಿಗಿಯುತ್ತದೆ.

ಕ್ಯಾಲಿಯಾಂಡ್ರವನ್ನು ಕತ್ತರಿಸಿದ ದಿನವೇ ಹಸಿಯಾಗಿ ಕೊಡಿ. ಒಟ್ಟು ಮೇವಿನ ಒಣತೂಕದಲ್ಲಿ ಮೂರನೇ ಒಂದು ಪಾಲು ಮೀರಬೇಡಿ, ಎರಡು ವಾರದಲ್ಲಿ ನಿಧಾನವಾಗಿ ಏರಿಸಿ. ಹಿಂಡಿಯನ್ನು ಕಡಿಮೆ ಮಾಡಬಹುದು, ನಿಲ್ಲಿಸಬಾರದು. ಎಲೆಯಲ್ಲಿ ಟ್ಯಾನಿನ್ ಇಲ್ಲವೆನ್ನುವಷ್ಟು ಕಡಿಮೆಯಿರುವ ಲೂಸರ್ನ್ (ಕುದುರೆ ಮೆಂತೆ) ಬೆರೆಸುವುದು ಇನ್ನೂ ಒಳ್ಳೆಯದು. ಆಡುಗಳು ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತವೆ. ಅವನ್ನು ನೋಡಿ ಹಸುವಿನ ಅಳತೆ ನಿರ್ಧರಿಸಬೇಡಿ.

ಲ್ಯಾಬ್‌ಗೆ ಕಳಿಸುವಾಗ ಸಾಂದ್ರಿತ ಟ್ಯಾನಿನ್ ಪರೀಕ್ಷೆಯನ್ನೂ, ಆಮ್ಲದಲ್ಲಿ ಕರಗದ ನಾರಿಗೆ ಅಂಟಿದ ಸಾರಜನಕವನ್ನೂ (ADIN) ಹೆಸರು ಹಿಡಿದು ಕೇಳಿ. ಮಾದರಿಯನ್ನು 55 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಒಣಗಿಸಬೇಡಿ. ಒಣಗಿಸಿದರೆ ಟ್ಯಾನಿನ್ ಪರೀಕ್ಷೆಯ ದ್ರಾವಕದಲ್ಲಿ ಕರಗಿ ಬರದೆ ವರದಿಯಲ್ಲಿ ಕಡಿಮೆ ಕಾಣುತ್ತದೆ.